ಪಂಪನ್ನು ಬದಲಿಸುವ ಮೊದಲು ಇಂಧನದ ಒತ್ತಡವನ್ನು ಅಳೆಯುವ ಕ್ರಮ

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಸರಕು ಹೊರುವ ಗಾಡಿಗಳು ನಮ್ಮ ಗ್ಯಾರೇಜಿಗೆ ಬರುವುದು ಹೆಚ್ಚಾಗಿ ಹರಾಜು ಮುಗಿದ ಮೇಲೆ, ಬಿಸಿಲೇರಿದ ಹೊತ್ತಿಗೆ. ಚಾಲಕರು ಹೇಳುವ ದೂರು ಬಹುಮಟ್ಟಿಗೆ ಒಂದೇ ಬಗೆಯದು: "ಅಣ್ಣಾ, ಖಾಲಿ ಇದ್ದಾಗ ಚೆನ್ನಾಗಿ ಓಡುತ್ತೆ, ಲೋಡ್ ಹಾಕಿ ಏರು ಹತ್ತಿಸಿದರೆ ಎಳೆಯೋದೇ ಇಲ್ಲ." ಈ ಮಾತು ಕಿವಿಗೆ ಬಿದ್ದ ಕೂಡಲೇ ಟ್ಯಾಂಕಿನ ಪಂಪನ್ನು ಬಿಚ್ಚಿ ಹೊಸದನ್ನು ಕೂರಿಸುವ ಅಭ್ಯಾಸ ನಮ್ಮ ಕಡೆಯ ಎಷ್ಟೋ ಗ್ಯಾರೇಜುಗಳಲ್ಲಿದೆ. ಕೆಲವು ಸಲ ಅದರಿಂದ ದೋಷ ಹೋಗುತ್ತದೆ. ಆದರೆ ಪಂಪು, ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರು, ಇಂಧನದ ಮಟ್ಟ ತೋರಿಸುವ ತೇಲುಗುಂಡು ಎಲ್ಲವೂ ಸೇರಿ ಒಂದೇ ಜೋಡಣೆಯಾಗಿ ಮಾರಾಟವಾಗುವ ಈ ಕಾಲದಲ್ಲಿ ಊಹೆಯ ಮೇಲೆ ಅದನ್ನು ಬದಲಿಸುವುದೆಂದರೆ ಮಾಲೀಕರ ಸಾವಿರಾರು ರೂಪಾಯಿಯನ್ನು ಪಣಕ್ಕಿಡುವುದೇ ಸರಿ. ಒಮ್ಮೆ ಜೋಡಿಸಿದ ವಿದ್ಯುತ್ ಬಿಡಿಭಾಗವನ್ನು ಸಾಮಾನ್ಯವಾಗಿ ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ.

ಇಂಧನದ ಒತ್ತಡ ಕಡಿಮೆಯಾಗಿದೆ ಎಂಬುದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಪಂಪಿಗೆ ಸಾಕಷ್ಟು ವಿದ್ಯುತ್ ತಲುಪುತ್ತಿದೆಯೇ, ಪಂಪಿನ ಬಾಯಿಗೆ ಸಾಕಷ್ಟು ಇಂಧನ ಸಿಗುತ್ತಿದೆಯೇ, ತಳ್ಳಿದ ಇಂಧನ ನಡುವೆ ಎಲ್ಲಾದರೂ ತಡೆಗೊಳ್ಳುತ್ತಿದೆಯೇ ಅಥವಾ ಹಿಂದಕ್ಕೆ ಸೋರುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ನಂತರವೇ ಪಂಪಿನ ಮೇಲೆ ಅಪವಾದ ಹೊರಿಸಬೇಕು. ಆ ಉತ್ತರಗಳನ್ನು ಪಡೆಯುವ ಕ್ರಮವನ್ನು, ಪೆಟ್ರೋಲ್ ಗಾಡಿಗಳನ್ನು ಮುಖ್ಯವಾಗಿಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ. ಡೀಸೆಲ್ ಗಾಡಿಗಳ ವಿಚಾರ ಕೊನೆಯ ಭಾಗದಲ್ಲಿದೆ.

ಒತ್ತಡ ಹುಟ್ಟುವ ಬಗೆ

ಪಂಪು ಒತ್ತಡವನ್ನು ಕೊಡುತ್ತದೆ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ. ವಾಸ್ತವದಲ್ಲಿ ಪಂಪು ಮಾಡುವುದು ಇಂಧನವನ್ನು ತಳ್ಳುವ ಕೆಲಸ. ಆ ಹರಿವಿಗೆ ರೆಗ್ಯುಲೇಟರ್ ಒಡ್ಡುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳನ್ನು ಒತ್ತಿ ಹಿಡಿದರೆ ನೀರು ದೂರಕ್ಕೆ ಚಿಮ್ಮುವುದು ಇದೇ ಕಾರಣದಿಂದ. ಆದ್ದರಿಂದ ಒತ್ತಡ ಸರಿಯಿದ್ದರೂ ಹರಿವಿನ ಪ್ರಮಾಣ ಸಾಲದೆ ಇರಬಹುದು. ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ಬೇಕಾಗುವ ಇಂಧನ ಅತ್ಯಲ್ಪವಾದ್ದರಿಂದ ಅರ್ಧ ಸವೆದ ಪಂಪು ಸಹ ಆಗ ಒತ್ತಡ ಅಳೆಯುವ ಗೇಜಿನ ಮುಳ್ಳನ್ನು ಸರಿಯಾದ ಗುರುತಿಗೆ ತಂದು ನಿಲ್ಲಿಸುತ್ತದೆ. ಖಾಲಿ ಇದ್ದಾಗ ಚೆನ್ನಾಗಿ ಓಡುತ್ತದೆ ಎಂಬ ಚಾಲಕರ ಮಾತಿನಲ್ಲಿ ಈ ಸಂಗತಿಯೇ ಅಡಗಿದೆ.

ಇನ್‌ಟೇಕ್ ಮ್ಯಾನಿಫೋಲ್ಡಿಗೆ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಕಾರುಗಳಲ್ಲಿ ರೈಲಿನ (ಇಂಜೆಕ್ಟರುಗಳೆಂಬ ಸಿಂಪಡಿಸುವ ಮೂತಿಗಳಿಗೆ ಇಂಧನ ಹಂಚುವ ಕೊಳವೆಯ) ಒತ್ತಡ ಸಾಮಾನ್ಯವಾಗಿ 3 ರಿಂದ 4 ಬಾರ್ ಇರುತ್ತದೆ. ಗೇಜಿನಲ್ಲಿ ಪಿಎಸ್‌ಐ ಗುರುತುಗಳಷ್ಟೇ ಇದ್ದರೆ 1 ಬಾರ್ ಎಂದರೆ 14.5 ಪಿಎಸ್‌ಐ ಎಂದು ಲೆಕ್ಕ ಹಿಡಿಯಬೇಕು. ಇಂಜೆಕ್ಷನ್ ಇರುವ ಹೆಚ್ಚಿನ ಬೈಕು ಮತ್ತು ಸ್ಕೂಟರುಗಳಲ್ಲಿ ಇದು 3 ಬಾರಿನ ಆಸುಪಾಸಿನಲ್ಲಿರುತ್ತದೆ. ನೇರವಾಗಿ ಸಿಲಿಂಡರಿನೊಳಕ್ಕೆ ಸಿಂಪಡಿಸುವ ಪೆಟ್ರೋಲ್ ಎಂಜಿನ್ನುಗಳಲ್ಲಿ ಟ್ಯಾಂಕಿನ ಪಂಪಿನ ಮುಂದೆ ಮತ್ತೊಂದು ಅಧಿಕ ಒತ್ತಡದ ಪಂಪಿದ್ದು, ಅದರ ನಂತರದ ಒತ್ತಡ 100 ಬಾರನ್ನೂ ದಾಟಬಲ್ಲದು. ಅಲ್ಲಿಗೆ ಇಲ್ಲಿ ಹೇಳುವ ಸಾಧಾರಣ ಗೇಜನ್ನು ಯಾವ ಕಾರಣಕ್ಕೂ ಜೋಡಿಸಬಾರದು. ನಿಮ್ಮ ಗಾಡಿಯ ನಿಖರ ಸಂಖ್ಯೆಯನ್ನು ಅದರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ ಬರೆದಿಟ್ಟುಕೊಂಡ ಮೇಲೆಯೇ ಗೇಜನ್ನು ಕೈಗೆತ್ತಿಕೊಳ್ಳಬೇಕು. ಹೋಲಿಸಲು ಸಂಖ್ಯೆಯಿಲ್ಲದ ಅಳತೆ ಯಾರಿಗೂ ನೆರವಾಗುವುದಿಲ್ಲ.

ರೆಗ್ಯುಲೇಟರ್ ಎಲ್ಲಿದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಹಳೆಯ ಮಾದರಿಗಳಲ್ಲಿ ಅದು ರೈಲಿನ ತುದಿಯಲ್ಲಿದ್ದು, ಮಿಕ್ಕ ಇಂಧನವನ್ನು ಹಿಂತಿರುಗುವ ಪೈಪಿನ ಮೂಲಕ ಟ್ಯಾಂಕಿಗೆ ಕಳುಹಿಸುತ್ತದೆ. ಈಚಿನ ಹೆಚ್ಚಿನ ಮಾದರಿಗಳಲ್ಲಿ ರೆಗ್ಯುಲೇಟರು ಟ್ಯಾಂಕಿನೊಳಗೆ ಪಂಪಿನ ಜೊತೆಯಲ್ಲೇ ಇರುತ್ತದೆ, ಎಂಜಿನ್ನಿನ ತನಕ ಬರುವುದು ಒಂದೇ ಪೈಪು.

ಮೊದಲು ಚಾಲಕರನ್ನು ವಿಚಾರಿಸುವುದು

ಬಾನೆಟ್ ತೆರೆಯುವ ಮೊದಲು ಹತ್ತು ನಿಮಿಷ ಚಾಲಕರೊಂದಿಗೆ ಮಾತನಾಡಿದರೆ ಅರ್ಧ ದಾರಿ ಸಾಗಿದಂತೆ. ತೊಂದರೆ ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಬರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಬೆಳಗಿನ ಜಾವ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ, ಒಮ್ಮೆ ಹತ್ತಿದ ಮೇಲೆ ದಿನವಿಡೀ ತೊಂದರೆಯಿಲ್ಲ ಎಂದರೆ ರಾತ್ರಿ ನಿಂತಿದ್ದಾಗ ಪೈಪಿನೊಳಗಿನ ಒತ್ತಡ ಸೋರಿಹೋಗಿದೆ ಎಂದು ಅನುಮಾನಿಸಬಹುದು. ತೆರೆದ ಬಾವಿಯ ಪಂಪ್‌ಸೆಟ್ಟನ್ನು ಬಳಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಫುಟ್‌ವಾಲ್ವ್ ಸೋರಿದರೆ ಪ್ರತಿ ಬೆಳಿಗ್ಗೆ ಪೈಪಿಗೆ ನೀರು ತುಂಬಿಸಿಯೇ ಮೋಟಾರು ಹಾಕಬೇಕಾಗುತ್ತದೆ. ಇಂಧನ ಪಂಪಿನಲ್ಲಿಯೂ, ಇಂಧನ ಹೊರಬರುವ ಬಾಯಲ್ಲಿ, ಅಂಥದ್ದೇ ಒಂದು ತಡೆವಾಲ್ವ್ ಇದೆ. ಪರೀಕ್ಷಿಸಲು ಸುಲಭ ಉಪಾಯವೊಂದಿದೆ. ಕೀಲಿಯನ್ನು ಆನ್ ಮಾಡಿ, ಪಂಪು ಎರಡು ಮೂರು ಸೆಕೆಂಡು ಓಡಿ ನಿಂತ ಮೇಲೆ ಆಫ್ ಮಾಡಿ, ಹೀಗೆ ಮೂರು ಸಲ ಮಾಡಿದ ನಂತರ ಸೆಲ್ಫ್ ಹೊಡೆಯಬೇಕು. ಎಂಜಿನ್ ತಕ್ಷಣ ಹತ್ತಿದರೆ ನಿಮ್ಮ ಅನುಮಾನ ಬಹುಪಾಲು ಸರಿ.

ಲೋಡಿನಲ್ಲಿ, ಏರಿನಲ್ಲಿ, ವೇಗದಲ್ಲಿ ಮಾತ್ರ ಶಕ್ತಿ ಕುಸಿಯುತ್ತದೆ ಎಂದರೆ ಹರಿವು ಸಾಲುತ್ತಿಲ್ಲ ಎಂದು ತಿಳಿಯಬೇಕು. ಫಿಲ್ಟರು, ಟ್ಯಾಂಕಿನೊಳಗಿನ ಜಾಲರಿ, ಪಂಪಿಗೆ ಬರುವ ವೋಲ್ಟೇಜು ಇವೇ ಮೊದಲ ಶಂಕಿತರು. ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ ಕಂಡರೆ ಒತ್ತಡ ಹೆಚ್ಚಾಗಿರಬಹುದು ಅಥವಾ ಇಂಜೆಕ್ಟರ್ ಸೋರುತ್ತಿರಬಹುದು.

ಒಂದು ಗಂಟೆ ಓಡಿ ಬಿಸಿಯಾದ ಮೇಲೆ ಥಟ್ಟನೆ ನಿಂತು, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಹತ್ತುವ ಗಾಡಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪಂಪಿನ ಮೋಟಾರು ಬಿಸಿಗೆ ಕೈಕೊಡುವಾಗ ಹೀಗಾಗುತ್ತದೆ. ಪಂಪಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ರಿಲೇಯೊಳಗಿನ ಬೆಸುಗೆ ಬಿರುಕು ಬಿಟ್ಟಾಗಲೂ ಹೀಗಾಗುತ್ತದೆ. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟಾಗಲೂ ಹೀಗೆಯೇ ಆಗುತ್ತದೆ. ಕ್ರ್ಯಾಂಕ್ ಸೆನ್ಸರಿನ ಸಂಕೇತ ಬಾರದಿದ್ದರೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು) ತಾನೇ ಪಂಪನ್ನು ನಿಲ್ಲಿಸುತ್ತದೆ, ಏಕೆಂದರೆ ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪಂಪು ಪೆಟ್ರೋಲನ್ನು ಚೆಲ್ಲುತ್ತಿರಬಾರದು. ಪಂಪು ಓಡುತ್ತಿಲ್ಲವೆಂದು ಪಂಪನ್ನೇ ಬದಲಿಸಿದವರು ಇಲ್ಲಿ ಮೋಸಹೋಗುತ್ತಾರೆ. ಸೆಲ್ಫ್ ಹೊಡೆಯುವಾಗ, ಇಸಿಯುವಿನ ಮಾಹಿತಿಯನ್ನು ಓದುವ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆಯನ್ನೇ ತೋರಿಸುತ್ತಿದ್ದರೆ ಇಂಧನವನ್ನು ಬಿಟ್ಟು ಆ ಸೆನ್ಸರಿನ ಕಡೆ ಗಮನ ಹರಿಸಬೇಕು. ಕೆಲವು ಮಾದರಿಗಳಲ್ಲಿ ಡಿಕ್ಕಿಯ ಹೊಡೆತಕ್ಕೆ ಪಂಪಿನ ವಿದ್ಯುತ್ತನ್ನು ಕಡಿಯುವ ಸ್ವಿಚ್ಚೊಂದು ಇರುತ್ತದೆ. ದೊಡ್ಡ ಗುಂಡಿಗೆ ಬಿದ್ದ ನಂತರ ಗಾಡಿ ಹತ್ತುತ್ತಿಲ್ಲ ಎಂದರೆ ಅದನ್ನೂ ನೋಡಬೇಕು.

ಪೈಪ್ ಬಿಚ್ಚುವ ಮೊದಲಿನ ಎಚ್ಚರಿಕೆ

ಈ ಭಾಗವನ್ನು ಓದದೆ ಮುಂದಕ್ಕೆ ಹೋಗಬಾರದೆಂದು ಕೇಳಿಕೊಳ್ಳುತ್ತೇನೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡಬಲ್ಲದು, ಹಾಗಿರುವಾಗ ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದು ಎಷ್ಟು ಆವಿಯಾದೀತು ಎಂದು ಯೋಚಿಸಬೇಕು. ಆ ಆವಿ ಗಾಳಿಗಿಂತ ಭಾರವಾದದ್ದು. ಗಾಡಿಯ ಕೆಳಗಿನ ಗುಂಡಿಯಲ್ಲಿ ಕಣ್ಣಿಗೆ ಕಾಣದಂತೆ ತುಂಬಿ ನಿಲ್ಲುತ್ತದೆ. ಆದ್ದರಿಂದ ಗುಂಡಿಯ ಮೇಲೆ ನಿಲ್ಲಿಸಿ ಈ ಕೆಲಸ ಮಾಡಬಾರದು. ಗಾಳಿಯಾಡುವ ಬಯಲಿನಲ್ಲಿ, ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ನಡೆಯುವ ಜಾಗದಿಂದ ದೂರದಲ್ಲಿ ಮಾಡಬೇಕು. ಪುಡಿ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿದ ಅಗ್ನಿಶಾಮಕ ಕೈಗೆಟುಕುವಂತಿರಬೇಕು. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತದೆ.

ಎಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಪಂಪಿನ ಫ್ಯೂಸನ್ನು ಕಿತ್ತು, ಎಂಜಿನ್ನನ್ನು ತಾನಾಗಿ ನಿಲ್ಲುವ ತನಕ ಓಡಿಸಿ, ಆಮೇಲೆ ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆದರೆ ಆ ಒತ್ತಡ ಬಹುಮಟ್ಟಿಗೆ ಇಳಿಯುತ್ತದೆ. ನಂತರ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಜೋಡಣೆಯ ಸುತ್ತ ದಪ್ಪನೆಯ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಕಳಚಬೇಕು. ತಡೆವಾಲ್ವಿನ ಹಿಂದೆ ಅಥವಾ ರೈಲಿನಲ್ಲಿ ಒಂದಿಷ್ಟು ಇಂಧನ ಉಳಿದೇ ಇರುತ್ತದೆಂದು ಭಾವಿಸಿ ಕೆಲಸ ಮಾಡುವುದು ಕ್ಷೇಮ.

ಗೇಜ್ ಜೋಡಿಸಿ ಓದುವುದು

0 ಯಿಂದ 7 ಬಾರ್ ತನಕ ಅಳೆಯುವ, ಬೇರೆ ಬೇರೆ ಗಾತ್ರದ ಜೋಡಣೆಗಳಿರುವ ಗೇಜ್ ಸೆಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಸಿಗುತ್ತದೆ. ಬೆಲೆಯಲ್ಲಿ ಅದು ಒಂದು ಪಂಪಿಗಿಂತ ಅಗ್ಗವೇ. ಕೆಲವು ಗಾಡಿಗಳ ರೈಲಿನ ಮೇಲೆ ಟೈರಿನ ವಾಲ್ವಿನಂತಹ ಅಳತೆಬಾಯಿ ಇರುತ್ತದೆ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದಿಲ್ಲದ ಕಾರಣ ರೈಲಿಗೆ ಬರುವ ಪೈಪಿನ ನಡುವೆ ಮೂರು ಬಾಯಿಯ ಜೋಡಣೆಯನ್ನು ಸೇರಿಸಬೇಕಾಗುತ್ತದೆ. ಅದಕ್ಕೆ ಇಂಜೆಕ್ಷನ್ ಒತ್ತಡವನ್ನು ತಾಳುವ ಹೋಸ್ ಮತ್ತು ಕ್ಲಿಪ್ಪುಗಳನ್ನೇ ಬಳಸಬೇಕು. ನೀರಿನ ಮಟ್ಟ ನೋಡುವ ಪಾರದರ್ಶಕ ಪೈಪನ್ನು ಬಿಸಿ ಎಂಜಿನ್ನಿನ ಮೇಲೆ 3 ಬಾರ್ ಪೆಟ್ರೋಲಿಗೆ ಸಿಕ್ಕಿಸಿದ್ದನ್ನು ನಾನು ಕಂಡಿದ್ದೇನೆ; ದಯವಿಟ್ಟು ಹಾಗೆ ಮಾಡಬೇಡಿ.

ಜೋಡಿಸಿದ ಮೇಲೆ ಫ್ಯೂಸ್ ಮತ್ತು ಬ್ಯಾಟರಿಯನ್ನು ಮರಳಿ ಸೇರಿಸಿ, ಕೀಲಿಯನ್ನು ಆನ್ ಮಾಡಿ, ಮೊದಲು ಸೋರಿಕೆಯಿದೆಯೇ ಎಂದು ನೋಡಬೇಕು. ಪಂಪು ಓಡುವ ಆ ಎರಡು ಮೂರು ಸೆಕೆಂಡಿನಲ್ಲಿ ಮುಳ್ಳು ಚುರುಕಾಗಿ ಏರಿ ನಿಗದಿತ ಸಂಖ್ಯೆಯ ಹತ್ತಿರ ನಿಲ್ಲಬೇಕು. ತೆವಳುತ್ತಾ ಏರಿದರೆ ಅದನ್ನು ಗುರುತು ಮಾಡಿಟ್ಟುಕೊಳ್ಳಿ. ಆಮೇಲೆ ಎಂಜಿನ್ ಹತ್ತಿಸಿ, ಆಕ್ಸಿಲರೇಟರ್ ಒತ್ತದೆ, ಅಂದರೆ ಐಡಲ್‌ನಲ್ಲಿ ಓದಿ.

ರೈಲಿನ ಮೇಲೆ ರೆಗ್ಯುಲೇಟರ್ ಇರುವ ಗಾಡಿಯಾದರೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಅದಕ್ಕೆ ಬರುವ ವ್ಯಾಕ್ಯೂಮ್ ಹೋಸನ್ನು ಕಳಚಿ, ಹೋಸಿನ ಬಾಯನ್ನು ಮುಚ್ಚಿ ಹಿಡಿಯಬೇಕು. ಒತ್ತಡ ಸುಮಾರು ಅರ್ಧ ಬಾರಿನಷ್ಟು ಏರಿದರೆ ರೆಗ್ಯುಲೇಟರ್ ಕೆಲಸ ಮಾಡುತ್ತಿದೆ ಎಂದರ್ಥ. ಹೋಸಿನೊಳಗೆ ಪೆಟ್ರೋಲಿನ ತೇವ ಕಂಡರೆ ಒಳಗಿನ ಪೊರೆ ಹರಿದಿದೆ. ಬೇರೆ ಪರೀಕ್ಷೆಯೇ ಬೇಕಿಲ್ಲ, ರೆಗ್ಯುಲೇಟರನ್ನು ಬದಲಿಸಬೇಕು. ಇಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಮಾತನ್ನು ಸೇರಿಸಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 800 ರಿಂದ 900 ಮೀಟರ್ ಎತ್ತರದಲ್ಲಿವೆ. ಇಲ್ಲಿನ ವಾಯುಮಂಡಲದ ಒತ್ತಡ ಕರಾವಳಿಗಿಂತ ಸುಮಾರು 0.1 ಬಾರ್ ಕಡಿಮೆ. ನಂದಿಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಆದ್ದರಿಂದ ಹೋಸ್ ಕಳಚಿದಾಗ ಕಾಣುವ ಏರಿಕೆ ಪುಸ್ತಕದಲ್ಲಿ ಮುದ್ರಿಸಿದ ಸಂಖ್ಯೆಗಿಂತ ತುಸು ಕಡಿಮೆಯಿದ್ದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಐಡಲ್‌ನ ಓದಿಗೆ ತೃಪ್ತರಾಗಬಾರದು ಎಂಬುದನ್ನು ಮೇಲೆಯೇ ಹೇಳಿದೆ. ನಿಜವಾದ ಪರೀಕ್ಷೆ ರಸ್ತೆಯ ಮೇಲೆ, ಅದೂ ಲೋಡಿನೊಂದಿಗೆ. ಗೇಜನ್ನು ಉದ್ದನೆಯ ಹೋಸಿನಿಂದ ಬಾನೆಟ್ಟಿನ ಹಿಂಬದಿಯಿಂದ ಹೊರತಂದು, ಮುಂಗಾಜಿನ ಹೊರಭಾಗಕ್ಕೆ ಗಟ್ಟಿಯಾಗಿ ಅಂಟಿಸಬೇಕು. ಯಾವ ಕಾರಣಕ್ಕೂ ಗೇಜನ್ನಾಗಲಿ ಹೋಸನ್ನಾಗಲಿ ಗಾಡಿಯ ಒಳಕ್ಕೆ ತರಬಾರದು. ಒಬ್ಬರು ಓಡಿಸಬೇಕು, ಮತ್ತೊಬ್ಬರು ಮುಳ್ಳನ್ನಷ್ಟೇ ನೋಡಬೇಕು. ವಾಹನ ದಟ್ಟಣೆಯಿಲ್ಲದ ಏರನ್ನು ಆರಿಸಿಕೊಂಡು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ಟ್ಯಾಂಕಿನೊಳಗೆ ರೆಗ್ಯುಲೇಟರ್ ಇರುವ ಗಾಡಿಯಲ್ಲಿ ಒತ್ತಡ ಐಡಲ್‌ನ ಮಟ್ಟದಲ್ಲೇ ನಿಲ್ಲಬೇಕು. ರೈಲಿನ ಮೇಲೆ ರೆಗ್ಯುಲೇಟರ್ ಇರುವ ಗಾಡಿಯಲ್ಲಿ ವ್ಯಾಕ್ಯೂಮ್ ಇಲ್ಲವಾಗುವುದರಿಂದ ತುಸು ಏರಬೇಕು. ಏರಿನ ನಡುವೆ ಮುಳ್ಳು ಮೆಲ್ಲಮೆಲ್ಲನೆ ಜಾರುತ್ತಾ ಬಂದರೆ ಚಾಲಕರ ದೂರಿಗೆ ಕಾರಣ ಇಂಧನವೇ. ಮುಳ್ಳು ಕದಲದೆ ನಿಂತಿದ್ದರೂ ಗಾಡಿ ಎಳೆಯದಿದ್ದರೆ ಇಂಧನವನ್ನು ಬಿಟ್ಟು ಇಗ್ನಿಷನ್ ಕಾಯಿಲ್, ಮುಚ್ಚಿಕೊಂಡ ಸೈಲೆನ್ಸರ್, ಏರ್ ಫಿಲ್ಟರು, ಕ್ಲಚ್ಚು ಮುಂತಾದ ಬೇರೆ ಕಡೆ ಹುಡುಕಬೇಕು. ಈ ಒಂದು ಪರೀಕ್ಷೆಯಿಂದ ಉಳಿದಷ್ಟು ಪಂಪುಗಳು ಬೇರೆ ಯಾವುದರಿಂದಲೂ ಉಳಿದಿಲ್ಲ.

ಎಂಜಿನ್ ನಿಲ್ಲಿಸಿದ ಮೇಲೆ ಗೇಜನ್ನು ಹತ್ತು ನಿಮಿಷ ಹಾಗೆಯೇ ಬಿಟ್ಟು ನೋಡಬೇಕು. ಸ್ವಲ್ಪ ಇಳಿಯುವುದು ಸಹಜ. ನಿಮಿಷದೊಳಗೆ ಸೊನ್ನೆಗೆ ಬಂದರೆ ಸೋರಿಕೆಯಿದೆ. ಎಲ್ಲಿ ಎಂದು ತಿಳಿಯಲು ಮತ್ತೆ ಒತ್ತಡ ಏರಿಸಿ, ನಿಲ್ಲಿಸಿದ ಕ್ಷಣದಲ್ಲಿ ಪಂಪಿನಿಂದ ಬರುವ ಪೈಪನ್ನು ಗೇಜಿನ ಜೋಡಣೆಯಲ್ಲಿರುವ ಕಾಕು ಎಂಬ ಪುಟ್ಟ ನಲ್ಲಿಯಿಂದ ಮುಚ್ಚಬೇಕು. ಈಗ ಮುಳ್ಳು ನಿಂತರೆ ಸೋರಿಕೆ ಪಂಪಿನ ಕಡೆಗಿದೆ. ಆಗಲೂ ಇಳಿದರೆ, ಹಿಂತಿರುಗುವ ಪೈಪು ಇರುವ ಗಾಡಿಯಲ್ಲಿ ಅದನ್ನೂ ಮುಚ್ಚಿ ನೋಡಬೇಕು. ಆಗ ನಿಂತರೆ ತಪ್ಪು ರೆಗ್ಯುಲೇಟರಿನದು, ಎರಡೂ ಮುಚ್ಚಿದರೂ ಇಳಿದರೆ ಇಂಜೆಕ್ಟರುಗಳದು. ಕಾಕು ಇಲ್ಲದಿದ್ದಾಗ ಪೈಪನ್ನು ಇಕ್ಕಳದಿಂದ ಹಿಸುಕುವ ರೂಢಿಯಿದೆ. ಮೆತ್ತಗಿರುವ ರಬ್ಬರ್ ಹೋಸಾದರೆ ಅದಕ್ಕೆಂದೇ ಇರುವ ನುಣುಪಾದ ಕ್ಲಾಂಪಿನಿಂದ ಹಿಡಿಯಬಹುದು. ನೈಲಾನ್ ಪೈಪನ್ನು ಹಿಸುಕಿದರೆ ಅದು ಬಿರುಕು ಬಿಟ್ಟು, ಇಂದಲ್ಲ ನಾಳೆ ದಾರಿಯಲ್ಲಿ ಪೆಟ್ರೋಲ್ ಚೆಲ್ಲುತ್ತದೆ.

ಪಂಪಿನ ಬಾಯಿಗೆ ಬರುವ ವಿದ್ಯುತ್ತು

ಲೋಡಿನಲ್ಲಿ ಒತ್ತಡ ಜಾರುತ್ತಿದೆ ಎಂದು ಖಚಿತವಾಯಿತು ಎನ್ನಿ. ಆಗಲೂ ಟ್ಯಾಂಕ್ ಇಳಿಸುವ ಮೊದಲು ಮಲ್ಟಿಮೀಟರ್ ಹಿಡಿಯಬೇಕು. ವೋಲ್ಟೇಜು ಕಡಿಮೆಯಿದ್ದಾಗ ಬೋರ್‌ವೆಲ್ ಮೋಟಾರು ಗುಂಯ್‌ಗುಡುತ್ತಾ ನೀರೆತ್ತದೆ ಬಿಸಿಯಾಗುವುದನ್ನು ಈ ಸೀಮೆಯ ಪ್ರತಿಯೊಬ್ಬ ರೈತನೂ ಬಲ್ಲ. ಆಗ ಮೋಟಾರನ್ನು ಮೇಲೆತ್ತಿಸುವ ಮೊದಲು ಮೀಟರ್ ಬೋರ್ಡನ್ನು ನೋಡುತ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ಆ ವಿವೇಕ ನಮಗೆ ಮರೆತುಹೋಗುತ್ತದೆ.

ಕನೆಕ್ಟರನ್ನು ಕಳಚಿ, ತುದಿಗಳಿಗೆ ಮೀಟರ್ ಹಿಡಿದು, 12 ವೋಲ್ಟ್ ಬರುತ್ತಿದೆ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಮೀಟರು ಎಳೆಯುವ ವಿದ್ಯುತ್ತು ಎಷ್ಟು ಅಲ್ಪವೆಂದರೆ, ತಂತಿಯ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಪಂಪಿಗೆ ಬೇಕಾದ ಐದಾರು ಆಂಪಿಯರ್ ಆ ಎಳೆಯಲ್ಲಿ ಹರಿಯಲಾರದು. ಆದ್ದರಿಂದ ಕನೆಕ್ಟರ್ ಕೂಡಿಕೊಂಡಿರುವಾಗಲೇ, ಪಂಪು ಓಡುತ್ತಿರುವಾಗಲೇ, ಹಿಂಬದಿಯಿಂದ ತೆಳುವಾದ ಸೂಜಿ ತೂರಿಸಿ ಅಳೆಯಬೇಕು. ಬ್ಯಾಟರಿಯ ತುದಿಗಳಲ್ಲಿರುವ ವೋಲ್ಟೇಜಿಗೂ ಪಂಪಿನ ತುದಿಗಳಲ್ಲಿರುವ ವೋಲ್ಟೇಜಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ನಡುವೆ ಎಲ್ಲೋ ನಷ್ಟವಾಗುತ್ತಿದೆ. ಕೆಲವು ಗಾಡಿಗಳಲ್ಲಿ ಇಸಿಯು ಪಂಪಿನ ವೇಗವನ್ನು ಬೇಕೆಂದೇ ತಗ್ಗಿಸುವುದುಂಟು. ಅಂಥವುಗಳಿಗೆ ಈ ಲೆಕ್ಕ ಅನ್ವಯಿಸದು. ಮುಂದೆ ಮೀಟರಿನ ಒಂದು ಕಡ್ಡಿಯನ್ನು ಪಂಪಿನ ಅರ್ತ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯಬೇಕು: 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಸರಿಯಿಲ್ಲ.

ಕೆಲವು ವರ್ಷಗಳ ಹಿಂದೆ ಮುಳಬಾಗಿಲಿನ ಕಡೆಯಿಂದ ಟೊಮೆಟೊ ತರುತ್ತಿದ್ದ ಚಿಕ್ಕ ಪೆಟ್ರೋಲ್ ಸರಕು ಗಾಡಿಯೊಂದು ನಮ್ಮಲ್ಲಿಗೆ ಬಂದಿತ್ತು. 15 ಕಿಲೋ ತೂಕದ ಬಾಕ್ಸುಗಳನ್ನು 45ರಷ್ಟು ಹೇರಿದರೆ ಏರಿನಲ್ಲಿ ಎರಡನೇ ಗೇರಿನಲ್ಲಿಯೂ ಒದ್ದಾಡುತ್ತಿತ್ತು. ಬೇರೊಂದು ಗ್ಯಾರೇಜಿನಲ್ಲಿ ಆರು ತಿಂಗಳಲ್ಲಿ ಎರಡು ಪಂಪುಗಳನ್ನು ಬದಲಿಸಲಾಗಿತ್ತು. ಹೊಸ ಪಂಪು ಹಾಕಿದಾಗ ಕೆಲವು ದಿನ ಚೆನ್ನಾಗಿ ಓಡಿ, ಮತ್ತೆ ಅದೇ ಸ್ಥಿತಿ. ಗೇಜಿನಲ್ಲಿ ಐಡಲ್‌ನ ಒತ್ತಡ 2.9 ಬಾರ್ ಇದ್ದದ್ದು ಲೋಡಿನಲ್ಲಿ 1.9ಕ್ಕೆ ಇಳಿಯುತ್ತಿತ್ತು. ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪಿನ ತುದಿಗಳಲ್ಲಿ 11.3. ಅರ್ತ್ ಕಡೆ ಅಳೆದಾಗ 2.3 ವೋಲ್ಟ್ ಅಲ್ಲೇ ಉಳಿದುಹೋಗುತ್ತಿತ್ತು. ತಂತಿಯನ್ನು ಹಿಂಬಾಲಿಸಿ ಹೋದರೆ ಚಾಸಿಗೆ ಬಿಗಿದ ಬೋಲ್ಟು ಸಿಕ್ಕಿತು. ಮೇಲಿನ ತೊಟ್ಟಿಯಿಂದ ಒಡೆದ ಹಣ್ಣಿನ ಹುಳಿರಸ ವರ್ಷಗಟ್ಟಲೆ ತೊಟ್ಟಿಕ್ಕಿ ಆ ಬೋಲ್ಟಿನ ಸುತ್ತ ತುಕ್ಕು ಹಿಡಿದು ಪೊರೆಪೊರೆಯಾಗಿ ಏಳುತ್ತಿತ್ತು. ಉಜ್ಜಿ ಹೊಳೆಯಿಸಿ, ಹೊಸ ತುದಿ ಹಾಕಿ, ಮೇಲೆ ಗ್ರೀಸ್ ಬಳಿದ ಮೇಲೆ ಲೋಡಿನಲ್ಲಿಯೂ 2.9 ಬಾರ್ ನಿಂತಿತು. ಹೊಸ ಪಂಪು ಕಡಿಮೆ ವೋಲ್ಟೇಜಿನಲ್ಲಿಯೂ ತಾಜಾತನದ ಬಲದಿಂದ ಕೆಲವು ದಿನ ದುಡಿದು, ಆ ಮೂಲಕ ಎಲ್ಲರನ್ನೂ ತಪ್ಪುದಾರಿಗೆ ಎಳೆದಿತ್ತು. ಆ ಎರಡು ಪಂಪುಗಳ ಹಣ ಮಾಲೀಕನಿಗೆ ಯಾವ ದಾರಿಯಿಂದಲೂ ಹಿಂತಿರುಗಲಿಲ್ಲ ಎಂಬುದು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಅರ್ತ್ ಸರಿಯಿದ್ದು ನಷ್ಟ ಪಾಸಿಟಿವ್ ಕಡೆಗಿದ್ದರೆ ರಿಲೇ, ಫ್ಯೂಸಿನ ಹಿಡಿಕೆ, ಟ್ಯಾಂಕಿನ ಮೇಲಿನ ಕನೆಕ್ಟರ್ ಇವುಗಳನ್ನು ಒಂದೊಂದಾಗಿ ನೋಡಬೇಕು. ಕರಗಿ ಕಂದಾದ ಕನೆಕ್ಟರ್ ಬಹಳ ಸಾಮಾನ್ಯ. ಒಂದೇ ಸಂಖ್ಯೆಯ ಹಾರ್ನ್ ರಿಲೇ ಇದ್ದರೆ ಅದಲುಬದಲು ಮಾಡಿ ನೋಡುವುದು ಅತಿ ಸುಲಭದ ಪರೀಕ್ಷೆ. ಪಂಪು ಎಳೆಯುವ ಆಂಪಿಯರನ್ನೂ ಫ್ಯೂಸಿನ ಜಾಗದಲ್ಲಿ ಅಳೆಯಬಹುದು: ಕಾರುಗಳಲ್ಲಿ ಅದು ಸಾಮಾನ್ಯವಾಗಿ 4 ರಿಂದ 8 ಆಂಪಿಯರ್. ಅದಕ್ಕಿಂತ ಹೆಚ್ಚಿದ್ದರೆ ಮುಂದೆ ಫಿಲ್ಟರ್ ಕಟ್ಟಿಕೊಂಡು ಪಂಪು ಹೆಣಗುತ್ತಿದೆ ಅಥವಾ ಮೋಟಾರೇ ಬಿಗಿಯಾಗಿದೆ. ತೀರಾ ಕಡಿಮೆಯಿದ್ದು ಒತ್ತಡವೂ ಕಡಿಮೆಯಿದ್ದರೆ ಪಂಪಿನ ಒಳಭಾಗ ಸವೆದಿದೆ, ಇಲ್ಲವೇ ಅದರ ಬಾಯಿಗೆ ಇಂಧನವೇ ಸಿಗುತ್ತಿಲ್ಲ.

ಹರಿವು, ಜಾಲರಿ ಮತ್ತು ಇಂಧನದ ಗುಣ

ವಿದ್ಯುತ್ತು ಸರಿಯಿದೆ, ಒತ್ತಡ ಮಾತ್ರ ಜಾರುತ್ತಿದೆ ಎಂದರೆ ಹರಿವನ್ನು ಅಳೆಯಬೇಕು. ಪೈಪನ್ನು ಅಳತೆಯ ಗುರುತಿರುವ ಪೆಟ್ರೋಲ್ ಕ್ಯಾನಿಗೆ ಬಿಟ್ಟು, ಪಂಪನ್ನು ಸ್ಕ್ಯಾನರಿನಿಂದ ಅಥವಾ ರಿಲೇಯ ಜಾಗದಲ್ಲಿ ಫ್ಯೂಸ್ ಇರುವ ಜಂಪರಿನಿಂದ 30 ಸೆಕೆಂಡು ಓಡಿಸಿದರೆ ಸಣ್ಣ ಕಾರಿನಲ್ಲಿಯೂ ಅರ್ಧ ಲೀಟರಿಗೆ ಕಡಿಮೆ ಬರಬಾರದು. ಕಡಿಮೆ ಬಂದರೆ ಫಿಲ್ಟರಿನ ಮುಂಚೆ ಮತ್ತು ನಂತರ ಬೇರೆ ಬೇರೆಯಾಗಿ ಅಳೆದರೆ ತಡೆ ಎಲ್ಲಿದೆ ಎಂದು ತಿಳಿಯುತ್ತದೆ. ಫಿಲ್ಟರು ಟ್ಯಾಂಕಿನೊಳಗಿದ್ದರೆ ಈಗ ಟ್ಯಾಂಕ್ ತೆರೆಯಲು ಸಕಾರಣವಿದೆ. ತೆರೆದಾಗ ಮೊದಲು ನೋಡಬೇಕಾದದ್ದು ಪಂಪಿನ ಬಾಯಿಗಿರುವ ಜಾಲರಿ. ಅದು ಕಂದು ಮಡ್ಡಿಯಿಂದ ಕಟ್ಟಿಕೊಂಡಿದ್ದರೆ ಟ್ಯಾಂಕನ್ನು ತೊಳೆಯದೆ ಹೊಸ ಪಂಪು ಹಾಕುವುದರಿಂದ ಉಪಯೋಗವಿಲ್ಲ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥನಾಲ್ ಇರುತ್ತದೆ. ಈ ಇ20 ಇಂಧನದ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ಸಿಕ್ಕಿತ್ತು. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ್ದ ಮಡ್ಡಿಯನ್ನು ಸಡಿಲಿಸಿ ಜಾಲರಿಗೆ ತಂದು ಹಾಕಬಲ್ಲದು. ನೀರು ಹೆಚ್ಚಾದಾಗ ಎಥನಾಲು ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ, ಅಂದರೆ ಪಂಪು ಹೀರುವ ಜಾಗಕ್ಕೇ, ಇಳಿಯುತ್ತವೆ. ತಿಂಗಳುಗಟ್ಟಲೆ ನಿಂತಿದ್ದ ಗಾಡಿ ಹತ್ತದಿದ್ದರೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಸೀಸೆಗೆ ತೆಗೆದು ಒಂದು ಗಂಟೆ ಅಲುಗಾಡಿಸದೆ ಇಟ್ಟು ನೋಡಬೇಕು. ಎರಡು ಪದರ ಕಂಡರೆ ಗೇಜಿನ ಅಗತ್ಯವೇ ಇಲ್ಲ. ಟ್ಯಾಂಕಿನ ಪಂಪನ್ನು ತಣ್ಣಗಿಡುವುದು ಅದರೊಳಗೂ ಸುತ್ತಲೂ ಇರುವ ಪೆಟ್ರೋಲೇ ಆದ್ದರಿಂದ, ಸದಾ ರಿಸರ್ವಿನಲ್ಲಿ ಓಡಿಸುವ ಗಾಡಿಗಳ ಪಂಪು ಬೇಗ ಸೋಲುತ್ತದೆ ಎಂಬುದನ್ನೂ ಮಾಲೀಕರಿಗೆ ತಿಳಿಸಬೇಕು.

ಸ್ಕ್ಯಾನರಿನ ಸಾಕ್ಷ್ಯ

ಸ್ಕ್ಯಾನರು ತೋರಿಸುವ ಕೋಡು ತೀರ್ಪಲ್ಲ, ದೂರು ಅಷ್ಟೇ. ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಸಾಲದು, ಪಿ0172 ಎಂದರೆ ಅತಿಯಾಗಿದೆ, ಪಿ0230 ಎಂದರೆ ಪಂಪಿನ ವಿದ್ಯುತ್ ಮಂಡಲದಲ್ಲಿ ದೋಷ, ಪಿ0087 ಎಂದರೆ ರೈಲಿನ ಒತ್ತಡ ಕಡಿಮೆ. ಕೋಡಿಗಿಂತ ಉಪಯುಕ್ತವಾದದ್ದು ಫ್ಯುಯೆಲ್ ಟ್ರಿಮ್. ಇಂಧನ ಸಾಲದಿದ್ದಾಗ ಇಸಿಯು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದು ಸರಿದೂಗಿಸುತ್ತದೆ, ಆ ಹೆಚ್ಚುವರಿಯೇ ಶೇಕಡಾವಾರು ಟ್ರಿಮ್ ಆಗಿ ಕಾಣುತ್ತದೆ. ಐಡಲ್‌ನಲ್ಲಿ ಟ್ರಿಮ್ ಹೆಚ್ಚಿದ್ದು ವೇಗ ಹೆಚ್ಚಿಸಿದಂತೆ ಸೊನ್ನೆಯ ಕಡೆ ಬಂದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಂತೆ ಶೇ. 10, 15, 20 ಎಂದು ಏರುತ್ತಾ ಹೋದರೆ ಇಂಧನದ ಪೂರೈಕೆಯೇ ಸಾಲುತ್ತಿಲ್ಲ. ಗೇಜ್ ಜೋಡಿಸಲು ಜಾಗವಿಲ್ಲದ ಗಾಡಿಗಳಲ್ಲಿ ನಾನು ಮೊದಲು ನಂಬುವುದು ಇದನ್ನೇ.

ಡೀಸೆಲ್ ಗಾಡಿಗಳ ವಿಚಾರ

ಸಿಆರ್‌ಡಿಐ (ಒಂದೇ ರೈಲಿನಿಂದ ಎಲ್ಲ ಇಂಜೆಕ್ಟರುಗಳಿಗೂ ಅಧಿಕ ಒತ್ತಡದ ಡೀಸೆಲ್ ಹಂಚುವ) ಎಂಜಿನ್ನಿನ ರೈಲಿನಲ್ಲಿ ಐಡಲ್‌ನಲ್ಲಿಯೇ 250 ರಿಂದ 350 ಬಾರ್, ಪೂರ್ಣ ಲೋಡಿನಲ್ಲಿ 1,600 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡವಿರುತ್ತದೆ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಏರ್ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ಟನ್ನು ಸಡಿಲಿಸಿ ಸೆಲ್ಫ್ ಹೊಡೆಯುತ್ತಿದ್ದ ಹಿರಿಯ ಮೆಕ್ಯಾನಿಕ್ಕರಲ್ಲಿ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಇಲ್ಲಿ ಆ ಪದ್ಧತಿ ಬೇಡ. ಕೂದಲೆಳೆಯಷ್ಟು ತೆಳುವಾದ ಡೀಸೆಲ್ ಧಾರೆ ಕೈಗವಸನ್ನೂ ಚರ್ಮವನ್ನೂ ಭೇದಿಸಿ ಒಳಹೋಗುತ್ತದೆ. ಹೊರಗೆ ಚಿಕ್ಕ ಚುಕ್ಕೆಯಷ್ಟೇ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಸೋರಿಕೆಯನ್ನು ಹುಡುಕಲು ರಟ್ಟಿನ ತುಂಡನ್ನು ಬಳಸಬೇಕು, ಕೈಯನ್ನಲ್ಲ.

ಅಧಿಕ ಒತ್ತಡವನ್ನು ಸ್ಕ್ಯಾನರಿನಲ್ಲೇ ಓದಬೇಕು: ಇಸಿಯು ಬಯಸಿದ ಒತ್ತಡ ಮತ್ತು ರೈಲಿನಲ್ಲಿರುವ ಒತ್ತಡ ಎರಡನ್ನೂ ಒಟ್ಟಿಗೆ ನೋಡಬೇಕು. ಸೆಲ್ಫ್ ಹೊಡೆಯುವಾಗ ಸಾಮಾನ್ಯವಾಗಿ 200 ಬಾರಿನ ಆಸುಪಾಸಿಗೆ ತಲುಪದಿದ್ದರೆ ಎಂಜಿನ್ ಹತ್ತದು. ಆದರೆ ಅಧಿಕ ಒತ್ತಡದ ಪಂಪನ್ನು ದೂರುವ ಮೊದಲು ಅದಕ್ಕೆ ಡೀಸೆಲ್ ತಂದುಕೊಡುವ ಕಡಿಮೆ ಒತ್ತಡದ ಭಾಗವನ್ನು ನೋಡಬೇಕು. ಟ್ಯಾಂಕಿನಿಂದ ಫಿಲ್ಟರಿನ ತನಕ ಎಂಜಿನ್ ಹೀರಿಕೊಳ್ಳುವ ಗಾಡಿಗಳಲ್ಲಿ ಪೈಪು ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಆದ್ದರಿಂದ ನೆಲದ ಮೇಲೆ ಒಂದು ಹನಿಯೂ ಕಾಣದು. ಫಿಲ್ಟರಿನ ನಂತರ ಪಾರದರ್ಶಕ ಪೈಪಿನ ತುಂಡೊಂದನ್ನು ಸೇರಿಸಿ ನೋಡಿದರೆ ಗುಳ್ಳೆಗಳು ಸಾಲಾಗಿ ಬರುವುದು ಕಾಣುತ್ತದೆ. ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ಕೂಡಿಟ್ಟ ಡೀಸೆಲನ್ನು ಪಿಕಪ್ಪಿಗೂ ಹಾಕುವ ಮನೆಗಳಲ್ಲಿ ಫಿಲ್ಟರಿನ ತಳದ ನೀರನ್ನು ವಾರಕ್ಕೊಮ್ಮೆ ಬಸಿದು ನೋಡುವುದು ಅವಶ್ಯ.

ಕಡಿಮೆ ಒತ್ತಡದ ಭಾಗ ಸರಿಯಿದ್ದೂ ರೈಲಿನ ಒತ್ತಡ ಏರದಿದ್ದರೆ ಇಂಜೆಕ್ಟರುಗಳ ಹಿಂಹರಿವನ್ನು ಅಳೆಯಬೇಕು. ಪ್ರತಿ ಇಂಜೆಕ್ಟರಿನ ಹಿಂತಿರುಗುವ ಬಾಯಿಗೆ ಒಂದೇ ಅಳತೆಯ ಸೀಸೆಗಳನ್ನು ಜೋಡಿಸಿ ಐಡಲ್‌ನಲ್ಲಿ ಒಂದೆರಡು ನಿಮಿಷ ಓಡಿಸಬೇಕು, ಹತ್ತದ ಎಂಜಿನ್ನಾದರೆ ಸೆಲ್ಫ್ ಹೊಡೆಯುತ್ತಲೇ ನೋಡಬೇಕು. ಮೂರು ಸೀಸೆಗಳಲ್ಲಿ ಒಂದೇ ಮಟ್ಟವಿದ್ದು ನಾಲ್ಕನೆಯದು ಬೇಗ ತುಂಬಿದರೆ ಆ ಇಂಜೆಕ್ಟರೇ ರೈಲಿನ ಒತ್ತಡವನ್ನು ಹಿಂದಕ್ಕೆ ಬಿಡುತ್ತಿದೆ. ಎಲ್ಲವೂ ಸಮನಾಗಿ ಕಡಿಮೆಯಿದ್ದರೆ ಮಾತ್ರ ರೈಲಿನ ಒತ್ತಡ ಬಿಡುವ ವಾಲ್ವ್, ಪಂಪಿಗೆ ಹೋಗುವ ಡೀಸೆಲನ್ನು ಹದಗೊಳಿಸುವ ಮೀಟರಿಂಗ್ ವಾಲ್ವ್, ಕೊನೆಗೆ ಪಂಪು ಎಂಬ ಕ್ರಮದಲ್ಲಿ ಮುಂದುವರಿಯಬೇಕು. ಈ ಕೆಲಸಕ್ಕೆ ಧೂಳಿಲ್ಲದ ಜಾಗ ಬೇಕು. ಬೇಸಿಗೆಯ ಗಾಳಿಯಲ್ಲಿ ರಸ್ತೆಬದಿಯಲ್ಲಿ ಸಿಆರ್‌ಡಿಐ ಪೈಪು ಬಿಚ್ಚುವುದಕ್ಕಿಂತ ಗಾಡಿಯನ್ನು ಎಳೆದುಕೊಂಡು ಹೋಗುವುದು ಒಳ್ಳೆಯದು.

ದುರಸ್ತಿಯಾದ ಮೇಲೆ ಗಾಡಿಯನ್ನು ಅಂದೇ ಒಪ್ಪಿಸದೆ ಒಂದು ರಾತ್ರಿ ಉಳಿಸಿಕೊಳ್ಳಲು ಮಾಲೀಕರನ್ನು ಕೇಳಿಕೊಳ್ಳಿ. ಪೆಟ್ರೋಲ್ ಗಾಡಿಯಾದರೆ ಗೇಜನ್ನು ಬಿಚ್ಚದೆ, ಬಯಲಿನಲ್ಲಿ ನಿಲ್ಲಿಸಿ, ರಾತ್ರಿ ಎಂಜಿನ್ ಆರಿಸಿದಾಗಿನ ಸಂಖ್ಯೆಯನ್ನೂ ಬೆಳಿಗ್ಗೆ ಕೀಲಿ ಮುಟ್ಟುವ ಮೊದಲಿನ ಸಂಖ್ಯೆಯನ್ನೂ, ಕೀಲಿ ಆನ್ ಮಾಡಿದಾಗಿನ ಸಂಖ್ಯೆಯನ್ನೂ ಬಿಲ್ಲಿನ ಹಿಂಬದಿಯಲ್ಲಿ ಬರೆಯಬೇಕು. ಆಮೇಲೆ ಗೇಜನ್ನು ಕಳಚಿ, ಪೈಪನ್ನು ಮೊದಲಿನಂತೆ ಸೇರಿಸಿ, ಕ್ಲಿಪ್ ಕೂತ ಶಬ್ದ ಕೇಳಿಸಿದ ಮೇಲೂ ಒಮ್ಮೆ ಎಳೆದು ನೋಡಿ, ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ, ಜೋಡಣೆಯ ಸುತ್ತ ಒಣ ಕಾಗದ ಹಿಡಿದು ತೇವವಿಲ್ಲವೆಂದು ಖಚಿತಪಡಿಸಿಕೊಂಡ ನಂತರ ಕೀಲಿಯನ್ನು ಚಾಲಕರ ಕೈಗೆ ಕೊಡಬೇಕು.